ತಿಂಡಿ ಆಗೇತ್ರಿ, ಡಾಕ್ಟರಮ್ಮಾರ

ತಿಂಡಿ ಅನ್ನೋ ಒಂದು ಶಬ್ದ ನಮ್ಮ ನೀಲವ್ವನ್ನ ಮಣ್ಣಿಗೆ ಕಳಸೂದಿತ್ತು. ಸೂಜಿ ತಪ್ಪಿರಲಿಲ್ಲ, ಔಷಧ ಕೆಟ್ಟಿರಲಿಲ್ಲ, ಮಷೀನೂ ಸುದ್ದಾಗಿ ನಡದಿತ್ತು. ಬರೇ ಶಬ್ದ ತಪ್ಪಿತ್ತು. ಅದನ್ನ ಹೇಳಾಕ ಅಂತನ ನಾ ಇದನ್ನ ಬರೀಲಿಕ್ಕೆ ಕುಂತೇನಿ.

ಈಗ ಹಳ್ಳಿ ಆರೋಗ್ಯ ಕೇಂದ್ರಕ್ಕ ಹೊಸದಾಗಿ ನೌಕರಿಗೆ ಬರೋ ಹುಡುಗ್ಯಾರು ನನ್ನ ಮನಿಗೆ ಬರ್ತಾರ. "ಶಾರದಾ ಸಿಸ್ಟರ್, ನೀವು ಜೀವಮಾನ ಇದರಾಗ ಕಳದೀರಿ. ಸ್ಕ್ರೀನಿನ್ಯಾಗ ಡಾಕ್ಟರನ್ನ ತೋರಸೂ ಕೆಲಸಾ ಹ್ಯಾಂಗ ಮಾಡಬೇಕು, ಹೇಳ್ರಿ" ಅಂತಾರ. ಅಯ್ಯ, ಬಟನ್ ಒತ್ತೂದು ನನಗಿಂತ ನಿಮಗ ಚಲೋ ಗೊತ್ತೈತೆವ್ವಾ. ಬಟನ್ ಒತ್ತಿದ ಮ್ಯಾಲೆ ಏನಾಗತೈತಿ ಅನ್ನೂದು ಬೇಕಾದ್ರ ಕುಂತು ಕೇಳ್ರಿ. ನನಗ ಯಾವಾಗ ಬಡ್ತಿ ಆತು, ಯಾವ ಸಾಹೇಬ್ರು ಶಾಲು ಹೊಚ್ಚಿದ್ರು, ಅದೆಲ್ಲಾ ಬಿಡ್ರಿ. ಹೇಳಾಕಿಗೂ ಬ್ಯಾಸರಾ, ಕೇಳಾವ್ರಿಗೂ ಬ್ಯಾಸರಾ.

ನೌಕರಿ ಸುರು ಆಗಿದ್ದು ಗಜೇಂದ್ರಗಡದ ಗುಡ್ಡದ ಬುಡಕಿನ ಒಂದು ಹಳ್ಳ್ಯಾಗ. ಆಗ ನಮ್ಮ ಡಾಕ್ಟರು ರೋಣದಾಗ ಕುಂದರ್ತಿದ್ರು. ಫೋನು ಅನ್ನೂದು ಹತ್ತು ಹಳ್ಳಿಗೆ ಒಂದು, ಅದೂ ಸತ್ತಿರ್ತಿತ್ತು. ಜಡ್ಡು ನನ್ನ ಕೈ ಮೀರಿತು ಅಂದ್ರ ಮುಂಜಾನಿ ಬಸ್ಸಿಗೆ ಓಡಿಹೋಗಿ ಕಂಡಕ್ಟರಗ ಹೇಳಿ ಕಳಸೂದು. ಆ ಮನಶಾ ರೋಣ ಮುಟ್ಟಿ, ದವಾಖಾನಿ ಮುಂದ ಬಸ್ಸು ನಿಲ್ಲಿಸಿ, ಇಳದು ಹೋಗಿ ಡಾಕ್ಟರಿಗೆ ನನ್ನ ಮಾತು ಒಪ್ಪಿಸಿ ಬರಾವ. ಸಂಜಿ ಬಸ್ಸಿಗೆ ಔಷಧ ಬರೂದು. ಬಸ್ಸಿನ ಮಂದಿ ಯಾರೂ ಗೊಣಗ್ತಿರಲಿಲ್ಲ. ಇವತ್ತು ಏನೇನೋ ದೊಡ್ಡ ಹೆಸರು ಹೇಳ್ತಾರಲ್ಲ, ದೂರದ ವೈದ್ಯಕೀಯ ಅಂತ, ಅದನ್ನ ನಾವು ಆಗಲೇ ಮಾಡ್ತಿದ್ವಿ. ನಮ್ಮ ತಂತಿ ಅಂದ್ರ ಕಂಡಕ್ಟರ್ ಒಬ್ಬಾವ.

ಒಮ್ಮೆ ಒಬ್ಬ ಬಾಣತಿಗೆ ಹಾಲು ಗಟ್ಟಿಯಾಗಿ, ಎದಿ ಕಲ್ಲಾಗಿ, ಜ್ವರಾ ಬಂದಿದ್ವು. ನಮ್ಮ ಕಡೆ ಇದಕ್ಕ ಎದಿ ಕಟ್ಟೂದು ಅಂತಾರ. "ಬಾಣತಿಗೆ ಎದಿ ಕಟ್ಟೇತಂತ ಡಾಕ್ಟರಿಗೆ ಹೇಳೋ ಅಣ್ಣಾ" ಅಂದೆ. ಅವನಿಗೋ ಆಗಿನ್ನೂ ಲಗ್ನಾಗಿರಲಿಲ್ಲ. ನಾಚಿಕಿ ಬಂತು. ಬಾಣತಿ ಅನ್ನೂದನ್ನ ದಾರ್‍ಯಾಗ ನುಂಗಿಬಿಟ್ಟು, ಡಾಕ್ಟರ ಮುಂದ ನೆಲಾ ನೋಡಕೋತ, "ಎದಿ ಕಟ್ಟೇತಂತ್ರೀ" ಅಂದ ಅಷ್ಟ. ಕಫಾ ಕಟ್ಟಿದ್ದಕ್ಕೂ ನಾವು ಅದನ್ನ ಅಂತೀವಲ್ಲ! ಸಂಜಿ ಬಸ್ಸಿಗೆ ದೊಡ್ಡದೊಂದು ಕೆಮ್ಮಿನ ಔಷಧದ ಬಾಟ್ಲಿ ಬಂತು. ಅದನ್ನ ನೋಡಿ ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಬಾಣತಿ ಅಂತೂ ಅಂಥಾ ಬ್ಯಾನ್ಯಾಗೂ ಬಿದ್ದು ಬಿದ್ದು ನಕ್ಕಳು. ಬಿಸಿನೀರಿನ ಶಾಖಾ ಕೊಟ್ಟು, ಕೂಸಿನ್ನ ಹಚ್ಚಿ ಹಚ್ಚಿ ಹಾಲು ಬಿಡಿಸಿದೆ. ಕಂಡಕ್ಟರಗ ಮಾತ್ರ ಮರುದಿನ ಬಸ್ಸಿನ ಮಂದಿ ಮುಂದನ ಚಲೋತ್ನಾಗ ಪೂಜಿ ಮಾಡಿದೆ. "ಅಕ್ಕಾ, ಇನ್ನ ಮ್ಯಾಲೆ ನೀ ಹೇಳಿದ್ದನ್ನ ಒಂದೂ ಬಿಡದ ಹೇಳ್ತೇನಿ, ನನ್ನ ಮರ್ಯಾದಿ ತಗೀಬ್ಯಾಡ" ಅಂದ.

ಆ ರೋಣದ ಡಾಕ್ಟರು ಭಾಳ ಸಿಟ್ಟಿನವರು, ಆದ್ರ ಖರೇ ಮನಶಾ. ಮುಂದಿನ ಸಭೆದಾಗ ನನಗ ಅಂದ್ರು, "ಶಾರದಾ, ಜಡ್ಡು ಹಳ್ಳ್ಯಾಗ ಇರ್ತದ, ನಾ ಇಲ್ಲಿರ್ತೇನಿ. ನಡುವ ಬರೂದು ಬರೇ ಮಾತು. ಮಾತು ಹಾದ್ಯಾಗ ಬಿದ್ರ ಹೆಣಾನೂ ಬೀಳ್ತದ." ಆಗ ನಾ ಮನಸಿನ್ಯಾಗ, ಈ ಮುದುಕ ಕೆಮ್ಮಿನ ಔಷಧ ಕೊಟ್ಟು ಮ್ಯಾಲೆ ಉಪದೇಶ ಮಾಡತೈತಿ ನೋಡು, ಅಂದಿದ್ದೆ. ಆ ಮಾತಿನ ತೂಕ ನನಗ ತಿಳೀಬೇಕಾದ್ರ ಅರ್ಧಾ ಆಯುಷ್ಯ ಹೋತು.

ಆಮ್ಯಾಲೆ ನರೇಗಲ್ಲಿಗೆ ಹಾಕಿದ್ರು. ಅಲ್ಲಿದ್ದಾಗನ ಮೊಬೈಲು ಬಂತು, ಹಿಂದಿಂದನ ಫೋಟೋ ಕಳಸೂದು ಬಂತು. ಒಂದು ಕೂಸಿನ ಫೋಟೋ ಕಳಿಸಿದ್ರ ಡಾಕ್ಟರ್ ಹೌಹಾರಿ, "ಕಾಮಣಿ ಏರೇತಿ, ಲಗೂ ಕರಕೊಂಡು ಬರ್ರಿ" ಅಂದ್ರು. ನೋಡಿದ್ರ ಆ ಮನ್ಯಾಗ ಕಿಡಕಿಗೆ ಹಳದಿ ಸೀರಿ ಪರದೆ ಕಟ್ಟಿದ್ರು, ಅದರಾಗಿಂದ ಬಿಸಲು ಬಿದ್ದು ಕೂಸು ಅರಿಷಿಣ ಹಚ್ಚಿದಂಗ ಕಂಡಿತ್ತು. ಹೊರಗ ತಂದು ನೋಡಿದ್ರ ಟೊಮ್ಯಾಟೋದಂಗ ಕೆಂಪಗಿತ್ತು! ಅವತ್ತಿನಿಂದ ನಾ ಫೋಟೋ ತಗಿಯೂ ಮುಂದ ಕೂಸಿನ್ನ ಅಂಗಳಕ್ಕ ತರೂದು ರೂಢಿ ಮಾಡಕೊಂಡೆ. ನೀವೂ ಮಾಡ್ರಿ.

ಕಡೀಗೆ ಕೊಣ್ಣೂರಿನ ಬಾಜೂಕ, ಮಲಪ್ರಭಾ ಹೊಳಿ ದಂಡಿ ಮ್ಯಾಲಿನ ಒಂದು ಸಣ್ಣ ಹಳ್ಳಿಗೆ ಬಂದೆ. ಒಂದು ಕಡೆ ಹೊಳಿ, ಇನ್ನೊಂದು ಕಡೆ ಹಳ್ಳ. ನೀಲವ್ವ ಸಿಕ್ಕಿದ್ದು ಅಲ್ಲೇ. ನರಗುಂದದ ಖಾನಾವಳಿಗಳಿಗೆ ಜ್ವಾಳದ ರೊಟ್ಟಿ ಬಡದು ಕೊಡಾಕಿ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಾಯಿ ಅಂದ್ರ ಕತ್ತರಿ. ಆದ್ರ ಕೈ? ಅಂಥಾ ಕೈ ನಾ ಮತ್ತೊಂದು ನೋಡಿಲ್ಲ. ಆಕಿ ರೊಟ್ಟಿ ಬಡಿಯೂ ಸಪ್ಪಳಾ ಕೇಳಿದ್ರನ ಹಸಿವಾಗೂದು. ರೊಟ್ಟಿ ಎಷ್ಟು ತೆಳ್ಳಗಂದ್ರ ಎತ್ತಿ ಹಿಡದ್ರ ಆ ಕಡೆ ಬೆಳಕು ಕಾಣೂದು. "ಈ ಕೈ ಇರೂತನಕ ನಾ ಯಾರ ಮನಿ ಬಾಗಲಾನೂ ಕಾಯಾಂಗಿಲ್ಲ ತಗೀರಿ" ಅಂತಿದ್ಳು. ಆಕಿಗೆ ಇದ್ದ ಆಸ್ತಿ ಅಂದ್ರ ಆ ಎರಡು ಕೈ. ಕೆಟ್ಟದ್ದು ಏನಂದ್ರ, ಸಕ್ಕರಿ ಜಡ್ಡು ಒಳಗ ಹೊಕ್ಕು ಭಾಳ ದಿನಾ ಆಗಿತ್ತು, ದಿನಾ ಉಣ್ಣೂ ಮುಂದ ತನ್ನ ಇನ್ಸುಲಿನ್ ಸೂಜಿ ತಾನ ಚುಚ್ಚಕೋತಿದ್ಳು.

ನಮ್ಮ ಕೇಂದ್ರಕ್ಕ ಸ್ಕ್ರೀನು ಬಂದ ದಿನಾ ಊರಿಗೆ ಊರ ಬಾಗಲದಾಗ ನಿಂತಿತ್ತು. ಬೆಂಗಳೂರಾಗ ಕುಂತ ಡಾಕ್ಟರು ಇಲ್ಲೆ ಕಾಣ್ತಾರಂತ, ಎದೀ ಸಪ್ಪಳಾನೂ ಅಲ್ಲಿಗೆ ಕೇಳತೈತಂತ. ಯಾರೂ ಕುರ್ಚಿ ಮ್ಯಾಲೆ ಕುಂದರವಲ್ರು. ನೀಲವ್ವ ತಾನ ಮುಂದ ಬಂದ್ಳು. "ಏನ್ ಕಡದು ತಿಂತೈತಾ?" ಅಂತ ಸೆರಗು ಸರಿ ಮಾಡಕೊಂಡು ಕುಂತಳು. ಸ್ಕ್ರೀನಿನ್ಯಾಗ ಡಾಕ್ಟರ್ ಚೈತ್ರಾ ಬಂದ್ರು. ಮಂಡ್ಯಾ ಕಡೆಯಾಕಿ, ಹೊಸಾ ಡಾಕ್ಟರು, ನಕ್ಕೋಂತ ಮಾತಾಡೂ ಹುಡುಗಿ. ಅವರು ಹೇಳಿದಂಗ ನಾ ಆ ಹೊಸಾ ಸ್ಟೆತಸ್ಕೋಪು ನೀಲವ್ವನ ಎದೀಗೆ ಹಚ್ಚಿದೆ. ಖೋಲಿ ತುಂಬ ಸಪ್ಪಳಾ ಬಂತು. ಡಬ್ ಡಬ್, ಡಬ್ ಡಬ್. ಹೊರಗ ಗದ್ದಲಾ ಮಾಡಾಕತ್ತಿದ್ದ ಮಂದಿ ಕಿಡಕ್ಯಾಗ ಮಾರಿ ತೂರಿಸಿದ್ರು.

"ಇದು ನಂದಾ?" ಅಂದ್ಳು ನೀಲವ್ವ.

"ನಿಮ್ದೇ ಅಮ್ಮ, ತುಂಬಾ ಚೆನ್ನಾಗಿ ಹೊಡ್ಕೊಳ್ತಿದೆ" ಅಂದ್ರು ಡಾಕ್ಟರು.

"ಇಷ್ಟು ವರ್ಷ ಒಳಗ ಕುಂತು ಹಿಂಗ ಬಡ್ಯಾಕತ್ತೈತೇನ? ನಾ ರೊಟ್ಟಿ ಬಡದಂಗನ ಬಡ್ಯಾಕತ್ತೈತಲ್ಲವಾ!" ಅಂತ ಆಕಿ ಬಾಯಿ ಮ್ಯಾಲೆ ಕೈ ಇಟ್ಟಕೊಂಡ್ಳು. ನನಗ ಖರೇ ಹೇಳ್ಬೇಕಂದ್ರ ಮೈ ಜುಂ ಅಂತು. ಕಿವಿಗೆ ನಳಿಗಿ ಹಚ್ಚಕೊಂಡು ಎಷ್ಟು ಮಂದಿ ಎದಿ ಕೇಳೇನೋ ನಾ. ಆದ್ರ ಎದಿ ಇದ್ದಾಕಿ ತಂದನ್ನ ತಾನ ಕೇಳಿದ್ದು, ಅದನ್ನ ನಾಡಿನ ಆ ತುದಿಯಾಗ ಇನ್ನೊಬ್ಬಾಕಿ ಕೇಳಿದ್ದು, ಇದನ್ನ ನೋಡಾಕ ನಾ ಬದುಕಿದ್ದನಲ್ಲಾ ಅಂತ ಕಣ್ಣಾಗ ನೀರು ಬಂದ್ವು.

ಆಮ್ಯಾಲೆ ಆ ಮುಂಜಾನಿ ಬಂತು. ಖಾಲಿ ಹೊಟ್ಟೀಲೆ ರಕ್ತಾ ನೋಡ್ಬೇಕಿತ್ತು. ನೀಲವ್ವ ಏನೂ ತಿನ್ನದ ಬಂದಿದ್ಳು. ರಕ್ತಾ ತಗೊಂಡೆ, ಸಕ್ಕರಿ ಏರಿತ್ತು, ಅದನ್ನ ಸ್ಕ್ರೀನಿಗೆ ಹಾಕಿ ಆಕಿನ್ನ ಡಾಕ್ಟರ ಮುಂದ ಕುಂದ್ರಿಸಿ, ನಾ ಬಾಜೂ ಖೋಲ್ಯಾಗ ಕೂಸುಗಳಿಗೆ ಲಸಿಕಿ ಹಾಕಾಕ ಹೋದೆ. ಕೂಸುಗಳು ಚೀರಾಕತ್ತಿದ್ವು. ಆದ್ರೂ ಅವರಿಬ್ಬರ ಮಾತು ಅರ್ಧಂಬರ್ಧ ಕಿವೀಗೆ ಬೀಳ್ತಿತ್ತು. ಉಳದದ್ದನ್ನ ಆಮ್ಯಾಲೆ ಇಬ್ಬರ ಬಾಯಿಂದಾನೂ ಕೇಳೇನಿ.

"ತಿಂಡಿ ಆಯ್ತಾ ನೀಲವ್ವ?" ಅಂತ ಡಾಕ್ಟರು ಕೇಳಿದ್ರು.

ಅವರ ಕಡೆ ತಿಂಡಿ ಅಂದ್ರ ಮುಂಜಾನಿ ನಾಷ್ಟಾ. ನಮ್ಮ ಕಡೆ ತಿಂಡಿ ಅಂದ್ರ ಮೈ ತುರಿಕಿ. ಸಕ್ಕರಿ ಜಡ್ಡಿನವರಿಗೆ ಅದು ಇರೂದನ.

"ಆಗೇತ್ರಿ ಡಾಕ್ಟರಮ್ಮಾರ" ಅಂದ್ಳು ನೀಲವ್ವ. ಎಷ್ಟು ಶ್ಯಾಣ್ಯಾ ಡಾಕ್ಟರು, ಹೇಳೂ ಮುಂದನ ತಿಳಕೊಂಡ್ರು ಅಂತ ಆಕಿಗೆ ಖುಷಿ. "ಭಾಳ ಆಗೇತ್ರಿ."

"ಜಾಸ್ತಿ ಆಯ್ತಾ? ಅಯ್ಯೋ, ಯಾವಾಗ?"

"ರಾತ್ರೆಲ್ಲಾ ಆಗೇತ್ರಿ. ಮುಂಜಾನೇನೂ ಆತು. ಈಗ ಇಲ್ಲಿ ಬರೂ ಮುಂದ ಹಾದ್ಯಾಗನೂ ಆತ್ರಿ."

"ದಾರಿಲೂ ಆಯ್ತಾ!" ಡಾಕ್ಟರಿಗೆ ನಗು. "ಅಷ್ಟೊಂದು ಆಗ್ಬಾರ್ದಮ್ಮ, ಕಮ್ಮಿ ಮಾಡ್ಬೇಕು."

"ಅದಕ್ಕ ಬಂದೇನಲ್ರೀ ತಾಯಿ, ಕಮ್ಮಿ ಮಾಡ್ರಿ."

ಇಷ್ಟು ತಿಂದಾಳ, ಮ್ಯಾಲೆ ಸಕ್ಕರಿನೂ ಏರೇತಿ ಅಂತ ಡಾಕ್ಟರು ಊಟದ ಸೂಜಿ ಸ್ವಲ್ಪ ಏರಿಸಿ ಈಗಲೇ ತಗೋರಿ ಅಂದ್ರು. ತುರಿಕಿಗೆ ಹೊಸಾ ಉಪಾಯ ಹೇಳಿದ್ರು ಅಂತ ನೀಲವ್ವ ತಿಳಕೊಂಡ್ಳು. ಚೀಲದಾಗಿಂದ ಸೂಜಿ ತಗದು ಅಲ್ಲೇ ಕುರ್ಚಿ ಮ್ಯಾಲೆ ಚುಚ್ಚಕೊಂಡು, ನನಗ ಕೈ ಮಾಡಿ, ಜ್ವಾಳಾ ಬೀಸಿಸಾಕ ಗಿರಣಿಗೆ ಹೋದ್ಳು. ಇಬ್ಬರದೂ ಕನ್ನಡನ, ಇಬ್ಬರೂ ನಕ್ಕೋಂತನ ಮಾತಾಡಿದ್ದು. ಮಾತು ಎಲ್ಲಿ ಬಿತ್ತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಗಿರಣಿ ಮುಂದ ಬಿದ್ಳು. ಮಂದಿ ಒದರಿಕೋತ ಬಂದ್ರು. ನಾ ಓಡಿದೆ. ಮೈಯೆಲ್ಲಾ ತೊಯ್ದು ತಪ್ಪಡಿ, ಕೈ ಗಡಗಡ ನಡಗತಾವ, ಕಣ್ಣು ಎಲ್ಲೋ ನೋಡ್ತಾವ. ಇನ್ನೂ ಗುಟುಕು ನುಂಗತಿದ್ಳು, ಪುಣ್ಯಾ. ಸಕ್ಕರಿ ನೀರು ಕುಡಿಸಿದೆ, ಮತ್ತ ಕುಡಿಸಿದೆ. "ಏನ್ ತಿಂದೀ, ನೀಲವ್ವಾ, ಏನ್ ತಿಂದೀ?" ಅಂತ ಒದರಿದೆ. "ಏನೂ ತಿಂದಿಲ್ಲವಾ" ಅಂದ್ಳು ಕಡೀಗೆ. ಖಾಲಿ ಹೊಟ್ಟಿ ಮ್ಯಾಲೆ ಆ ಸೂಜಿ ಮೈಯಾಗಿದ್ದ ಸಕ್ಕರಿನೆಲ್ಲಾ ಇಳಿಸಿಬಿಟ್ಟಿತ್ತು. ಬಾಜೂ ಖೋಲ್ಯಾಗ ಕೇಳಿದ್ದ ತಿಂಡಿ ತಿಂಡಿ ಅನ್ನೂ ಮಾತು ಆಗ ತಲ್ಯಾಗ ಬಂದು ಕುಂತಿತು.

ಡಾಕ್ಟರ್ ಚೈತ್ರಾಗ ಹೇಳಿದಾಗ ಆ ಹುಡುಗಿ ಮಾರಿ ಬೆಳ್ಳಗಾತು. ಒಂದು ನೆವಾ ಹೇಳಲಿಲ್ಲ. "ನಾನು ಇನ್ನೊಂದ್ಸಲ ಬೇರೆ ಥರ ಕೇಳ್ಬೇಕಿತ್ತು ಸಿಸ್ಟರ್. ಅವರಿಗೆ ಫೋನ್ ಕೊಡ್ತೀರಾ, ಕ್ಷಮೆ ಕೇಳ್ತೀನಿ" ಅಂದ್ರು. ನೀಲವ್ವ ಫೋನು ಮುಟ್ಟಲಿಲ್ಲ. "ಆ ಡಬ್ಬಿ ಮುಂದ ಇನ್ನ ನನ್ನ ಹೆಣಾ ಕುಂದ್ರಬೇಕು" ಅಂದ್ಳು. ಊರ ಮಂದೀನೂ ಹಿಂದ ಸರದ್ರು. ಡಾಕ್ಟರಿಗೆ ಡಬ್ಬಿ ಡಾಕ್ಟರು ಅಂತ ಹೆಸರು ಬಿತ್ತು. ಸ್ಕ್ರೀನಿನ ಮುಂದಿನ ಕುರ್ಚಿ ಖಾಲಿ, ನಾ ಧೂಳಾ ಒರಸೂದು, ಅಷ್ಟ.

ಮಂದಿ ಇರಲಿಲ್ಲಂದ್ರೂ ಡಾಕ್ಟರ್ ಚೈತ್ರಾ ದಿನಾ ಹೇಳಿದ ಹೊತ್ತಿಗೆ ಸ್ಕ್ರೀನಿನ್ಯಾಗ ಬಂದು ಕುಂದರ್ತಿದ್ರು. "ಸಿಸ್ಟರ್, ಇವತ್ತು ನಿಮ್ಮ ಕಡೆ ಮಾತು ಹೇಳ್ಕೊಡಿ" ಅನ್ನೂದು. ಜಡ್ಡು ಅಂದ್ರ ಏನು, ಬ್ಯಾನಿ ಅಂದ್ರ ಏನು, ಚಕ್ಕರ್ ಬರೂದು, ಕಸುವಿಲ್ಲದ್ದು. ಎದಿ ಕಟ್ಟೂದಕ್ಕ ಎರಡು ಅರ್ಥ ಅಂತ ಕಂಡಕ್ಟರನ ಕಥಿ ಹೇಳಿದೆ, ಕುರ್ಚಿ ಮ್ಯಾಲಿಂದ ಬೀಳೂಹಂಗ ನಕ್ಕರು. ನಾನೂ ಶ್ಯಾಣ್ಯಾಕಿ ಏನಲ್ಲ ಮತ್ತ. ಲಸಿಕಿಗೆ ಬಂದಿದ್ದ ಒಂದು ಹುಡುಗನ್ನ ನಾನ ಎಳಕೊಂಡು ಬಂದು ಸ್ಕ್ರೀನಿನ ಮುಂದ ನಿಲ್ಲಿಸಿದ್ರ, ಚರ್ಮ ನೋಡಿ ಅವರು "ಕಡಿತ ಇದ್ಯಾ?" ಅಂದ್ರು. ನಮ್ಮ ಕಡೆ ಕಡಿತ ಅಂದ್ರ ನೋವು. "ಏನೂ ಇಲ್ರಿ, ಆರಾಮ ಆಟಾ ಆಡಾಕತ್ತಾನ" ಅಂದೆ. ಆ ಹುಡುಗ ನನ್ನ ಕಣ್ಣ ಮುಂದ ಪರಪರ ಕೆರಕೋತ ನಿಂತಾನ! ಅವರ ಕಡಿತ ಅಂದ್ರ ನಮ್ಮ ತಿಂಡಿ, ನಮ್ಮ ಕಡಿತ ಅಂದ್ರ ಅವರ ನೋವು, ಅವರ ತಿಂಡಿ ಅಂದ್ರ ನಮ್ಮ ನಾಷ್ಟಾ. ಇಷ್ಟು ತಿಳಿಯೂದ್ರಾಗ ಇಬ್ಬರದೂ ತಲಿ ಕೆಟ್ಟು ಮಸರಗಡಿಗಿ ಆಗಿತ್ತು. ಆದ್ರ ಆ ಹುಡುಗಿ ಬಿಡಲಿಲ್ಲ. ಇಷ್ಟು ಓದಿದಾಕಿ ಸಾಲಿ ಹುಡುಗ್ಯಾರಂಗ ಕುಂತು ನಮ್ಮ ಮಾತು ತಿದ್ದಿ ತಿದ್ದಿ ಕಲಿಯೂದು ನೋಡಿ ನನಗ ಆಕಿ ಮ್ಯಾಲೆ ಜೀವಾ ಹತ್ತಿತು.

ಮುಂದಿನ ಮಳಿಗಾಲಕ್ಕ ಹೊಳಿ ಬಂತು. ಕೊಣ್ಣೂರು ಸೇತುವಿ ಮುಳಗಿತು, ಬಸ್ಸು ಬಂದಾತು. ನಮ್ಮ ಹಳ್ಳಿ ಹಳ್ಳಾನೂ ತುಂಬಿ ಆ ಕಡೆ ಹಾದಿನೂ ಹೋತು. ತೆಗ್ಗಿನ ಓಣಿ ಮಂದೀನ್ನೆಲ್ಲಾ ಸಾಲ್ಯಾಗ ತಂದು ಇಟ್ಟಿದ್ವಿ. ನೀಲವ್ವ ಅವರಿಗೆಲ್ಲಾ ರೊಟ್ಟಿ ಬಡ್ಯಾಕ ಕುಂತಿದ್ಳು. ನಾ ಹೋಗಿ ನೋಡಿದ್ರ ಎಡಗೈಲೆ ಬಡ್ಯಾಕತ್ತಾಳ! ಬಲಗೈ ಸೆರಗಿನ್ಯಾಗ.

"ತಗಿ, ನೋಡೂನು" ಅಂದೆ.

"ಏನಿಲ್ಲವಾ, ಹಂಚು ತಾಕೇತಿ."

ಜಬರದಸ್ತಿಲೆ ತಗಸಿದೆ. ಸಕ್ಕರಿ ಜಡ್ಡಿನಾಗ ಬೆರಳು ಜೋಮು ಹಿಡದಿದ್ವು, ಹಂಚಿಗೆ ಸುಟ್ಟಿದ್ದು ಆಕಿಗೆ ತಿಳದೇ ಇಲ್ಲ. ಕಿರಿಬೆರಳು ಕರ್‍ರಗಾಗಿತ್ತು, ಅಂಗೈ ಉಬ್ಬಿ, ಕೆಂಪು ಮಣಿಕಟ್ಟಿನ ಕಡೆ ಏರಾಕತ್ತಿತ್ತು, ಮೈ ಸುಡತಿತ್ತು. ಇದು ಹಿಂಗ ಮ್ಯಾಲೆ ಏರಿದ್ರ ಕೈ ತಗೀಬೇಕಾಗತೈತಿ, ತಡಾ ಆದ್ರ ಜೀವಾನೂ ಹೋಗತೈತಿ ಅನ್ನೂದು ನನಗ ಗೊತ್ತಿತ್ತು. ಆಕಿಗೂ ಗೊತ್ತಿತ್ತು, ಅದಕ್ಕ ಮುಚ್ಚಿದ್ಳು.

"ಡಾಕ್ಟರಿಗೆ ತೋರಸೂನು ನಡಿ."

"ಯಾವ ಡಾಕ್ಟರಿಗೆ? ಡಬ್ಬೀಗಾ? ಅದು ಒಮ್ಮೆ ನನ್ನ ಕೊಂದೈತಿ. ಬ್ಯಾಡ."

ನನಗ ಸಿಟ್ಟು ನೆತ್ತಿಗೇರಿತು. "ಕೈ ಹೋದ ಮ್ಯಾಲೆ ಏನ್ ಕಾಲೀಲೆ ಬಡೀತೀಯೇನ ರೊಟ್ಟಿ?" ಅಂದೆ. ನೀಲವ್ವ ಹಿಟ್ಟು ನೋಡಕೋತ ಕುಂತಳು. ಆಕಿ ಕಣ್ಣೀರು ಹಿಟ್ಟಿನ್ಯಾಗ ಬಿದ್ದಿದ್ದು ನೋಡಿ ನನ್ನ ನಾಲಿಗಿ ಕಡಕೋಬೇಕನಿಸಿತು.

ಇನ್ನ ಆಕಿನ್ನ ಕೇಳೂದು ಬಿಟ್ಟೆ. ನೆಟವರ್ಕು ಸಿಗೂದು ಸಾಲಿ ಮಾಳಿಗಿ ಮ್ಯಾಲೆ ಒಂದ. ಹತ್ತಿ ಹೋಗಿ ಡಾಕ್ಟರ್ ಚೈತ್ರಾಗ ಮೊಬೈಲಿನ್ಯಾಗ ವಿಡಿಯೋ ಹಚ್ಚಿದೆ, ಎಲ್ಲಾ ಹೇಳಿದೆ. "ಅವರನ್ನ ಮೇಲೆ ಕರ್ಕೊಂಡ್ ಬನ್ನಿ, ನನ್ನ ಜೊತೆ ಮಾತಾಡ್ದೇ ಇದ್ರೂ ಪರವಾಗಿಲ್ಲ, ಕೈ ಮಾತ್ರ ತೋರಿಸ್ಲಿ" ಅಂದ್ರು. ಗಾಳಿಗೆ ಕುಂದ್ರೂನು ಬಾ ಅಂತ ಹೇಳಿ ಮಾಳಿಗಿ ಹತ್ತಿಸಿದೆ. ನೀಲವ್ವ ಫೋನು ನೋಡಿದಾಕಿನ ಮಾರಿ ತಿರುವಿದ್ಳು.

ಆಗ ಫೋನಿನ್ಯಾಗಿಂದ ಮಾತು ಬಂತು. "ನೀಲವ್ವಾರ, ಹೊಟ್ಟಿಗೆ ಏನರ ಹಾಕ್ಕೊಂಡೀರೇನ್ರಿ?"

ನೀಲವ್ವ ತಿರುಗಿ ನೋಡಿದ್ಳು. "ಯಾರವಾ ಇದು? ನಮ್ಮ ಕಡೆಯಾಕಿನಾ?"

"ನಾನ್ರೀ, ಡಬ್ಬಿ ಡಾಕ್ಟರ್. ಕೈಗೆ ತಿಂಡಿ ಐತೋ, ಕಡಿತ ಐತೋ? ನಿಮ್ಮ ಮಾತಿನಾಗ ಹೇಳ್ರಿ, ನಂಗ ತಿಳೀತೈತಿ."

ನಮ್ಮ ಮಾತು ಆ ಬಾಯಾಗ ಸ್ವಲ್ಪ ಸೊಟ್ಟನ ಇತ್ತು. ಆದ್ರ ನೀಲವ್ವನ ಮಾರಿ ಮ್ಯಾಲೆ ಏನೋ ಸಡಿಲಾತು. "ಕಡಿತ್ರಿ ತಾಯಿ" ಅಂದ್ಳು. "ಬೆರಳು ಸತ್ತೈತಿ, ಅಂಗೈ ಮಾತ್ರ ಜೀವಾ ಹೋಗೂವಂಗ ಕಡೀತೈತಿ. ನನ್ನ ಕೈ ಉಳಸ್ರಿ." ಅಷ್ಟು ಹೇಳಿ ಹೋ ಅಂತ ಅತ್ತಳು. ಆಕಿ ಹಂಗ ದನಿ ತಗದು ಅತ್ತಿದ್ದನ್ನ ಊರಾಗ ಯಾರೂ ಕೇಳಿರಲಿಲ್ಲ.

ಮುಂದ ಅವರು ಹೇಳಿದ್ದನ್ನ ನಾ ಮಾಡಿದೆ. ಮೊದಲ ಉಣ್ಣಿಸಿ, ಉಂಡದ್ದು ಕಣ್ಣಲೆ ನೋಡಿ, ಆಮ್ಯಾಲೆ ಸಕ್ಕರಿ ಸೂಜಿ. ಕೇಂದ್ರದಾಗಿದ್ದ ಕೀವಿನ ಇಂಜೆಕ್ಷನ್. ಕೈ ಎತ್ತಿ ಕಟ್ಟೂದು. ಕೆಂಪು ಎಲ್ಲಿಗೆ ಮುಗೀತೈತೋ ಅಲ್ಲಿ ಬಾಲ್‌ಪೆನ್ನಿಲೆ ಸುತ್ತ ಗೆರಿ ಹಾಕಿಸಿದ್ರು. "ಕೆಂಪು ಈ ಗೆರೆ ದಾಟ್ತಾ, ಇಲ್ವಾ ಅನ್ನೋದೇ ನಮಗೆ ಬೇಕಾಗಿರೋದು" ಅಂದ್ರು. ನೀಲವ್ವ ಪ್ಲಾಸ್ಟಿಕ್ ತಾಡಪತ್ರಿ ಹೊದ್ದು ತನ್ನ ಕೈ ತಾನ ಕಾಯಕೋತ ಕುಂತಳು. ಸುತ್ತ ಎಲ್ಲಿ ನೋಡಿದ್ರೂ ಕೆಂಪು ನೀರು. ಹೊಲಾ ಇಲ್ಲ, ಹಾದಿ ಇಲ್ಲ, ಬರೇ ಜಾಲಿ ಗಿಡದ ತುದಿಗಳು. ಅಂಥಾ ನೀರಿನ ನಡುವ ನನ್ನ ಅಂಗೈಯಾಗ ಒಬ್ಬ ಡಾಕ್ಟರು ಕುಂತಾಳಲ್ಲಾ, ದೇವರ, ಇದೆಂಥಾ ಸೋಜಿಗಾ ಅಂತ ಆ ಸಂಕಟದಾಗೂ ನನಗ ಅನಿಸಿತು.

ಗೆರಿ ದಾಟಿತು.

"ದಾಟೇತ್ರಿ" ಅಂದೆ.

"ಸಿಸ್ಟರ್, ಅಂಗೈ ಮಧ್ಯ ಮೆತ್ತಗೆ ಒತ್ತಿ. ನಾನು ಮುಟ್ಟೋಕಾಗಲ್ಲ, ನಿಮ್ಮ ಕೈಯೇ ನನ್ನ ಕೈ. ಹೇಗಿದೆ, ಹೇಳಿ."

ನಾ ಒತ್ತಿದೆ. ಹ್ಯಾಂಗ ಹೇಳಬೇಕೋ ತಿಳೀಲಿಲ್ಲ. ನೀಲವ್ವ ತಾನ ಎಡಗೈಲೆ ಒತ್ತಿ ನೋಡಿದ್ಳು, ಹಲ್ಲು ಕಚ್ಚಿ. "ಮುಂಜಾನಿ ನಾದದ ಗಟ್ಟಿ ಹಿಟ್ಟಿನಂಗ ಬಿರುಸಿತ್ರಿ. ಈಗ ನಾದಿದ ಹಿಟ್ಟಾಗೇತಿ. ಬೆರಳು ಒಳಗ ಹೋಗತೈತಿ" ಅಂದ್ಳು.

"ಒಳಗೆ ಕೀವು ತುಂಬಿದೆ. ಇನ್ನು ಕಾಯೋ ಹಾಗಿಲ್ಲ" ಅಂದ್ರು ಡಾಕ್ಟರು. ಅಲ್ಲಿಂದನ ಯಾರ್‍ಯಾರಿಗೋ ಫೋನು ಹಚ್ಚಿದ್ರು. ಪ್ರವಾಹದ ಬೋಟು ನಮ್ಮ ಹಳ್ಳಿಗೆ ತಿರಗಿತು, ಆ ದಂಡಿಗೆ ಆಂಬುಲೆನ್ಸ್ ಬಂದು ನಿಂತಿತು, ದೊಡ್ಡ ದವಾಖಾನಿ ಸರ್ಜನ್ ನೀಲವ್ವ ಮುಟ್ಟೂದ್ರಾಗ ತಯಾರಾಗಿದ್ರು. ಇದನ್ನೆಲ್ಲಾ ಮಾಡಿದಾಕಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನನಗಂತೂ ಆ ಹುಡುಗಿಗೆ ಕೈ ಮುಗೀಬೇಕನಿಸಿತು.

ಬೋಟು ಹತ್ತೂ ಮುಂದ ನೀಲವ್ವ ನನ್ನ ಕಡೆ ಕೈ ಚಾಚಿದ್ಳು. "ಆ ಡಬ್ಬಿ ನನ್ನ ಕೈಯಾಗ ಕೊಡು" ಅಂದ್ಳು. ಹೊಳಿ ಸೆಳವಿನ್ಯಾಗ ಬೋಟು ಹೊಯ್ದಾಡತಿತ್ತು. ಆಕಿ ಎಡಗೈಲೆ ಫೋನು ಎದೀಗೆ ಒತ್ತಿ ಹಿಡದಿದ್ಳು. ಬಯಲು ನೀರಿನ ಮ್ಯಾಲೆ ನೆಟವರ್ಕು ಮತ್ತ ಹಿಡದಿತ್ತು, ಒಳಗಿಂದ ಡಾಕ್ಟರು ಏನೋ ಮಾತಾಡ್ತಿದ್ರು, ಆಕಿ ಹೂಂ ಹೂಂ ಅಂತಿದ್ಳು.

ಕಿರಿಬೆರಳು ಹೋತು. ಕೈ ಉಳೀತು. ಗಾಯಾ ಮಾದು, ಮೊದಲ ರೊಟ್ಟಿ ಬಡದ ದಿನಾ ಆ ಸಪ್ಪಳಾ ಕೇಳಾಕ ನಾ ಆಕಿ ಬಾಗಲದಾಗ ನಿಂತಿದ್ದೆ. ತಾಳ ಒಂದೀಟು ಬದಲಾಗಿತ್ತು. ಸ್ಕ್ರೀನಿನ ಮುಂದ ಕುರ್ಚಿ ಮತ್ತ ತುಂಬಿತು. ಕುಂತ ಮಂದೀನ್ನ ಹಿಂದ ನಿಂತು ನೀಲವ್ವ ತಾನ ತಯಾರು ಮಾಡಾಕಿ: "ನಾಷ್ಟಾ ಅಂದ್ರ ನಾಷ್ಟಾ ಅನ್ನು, ತುರಿಕಿ ಅಂದ್ರ ಕೆರದು ತೋರಸು."

ಈಗ ನಾ ನಿವೃತ್ತಿ ಆಗಿ ಇದ ಹಳ್ಳ್ಯಾಗ ಉಳದೇನಿ. ಮೊನ್ನೆ ಶಿರೋಳದಾಗ ಒಂದು ತಪಾಸಣಿ ಇತ್ತು, ನೋಡಾಕ ಹೋಗಿದ್ದೆ. ಕಣ್ಣಿನ ಒಳಗಿನ ಫೋಟೋ ತಗೀತಾರಲ್ಲ, ಅದು. ನನ್ನ ಕಣ್ಣಿನದೂ ತಗದು ತೋರಿಸಿದ್ರು. ಮೂಡೂ ಮುಂದಿನ ಹುಣ್ಣಿವಿ ಚಂದ್ರನಂಗ ಕೆಂಪಗ, ಮ್ಯಾಲೆ ಬೇರು ಹರಡಿದಂಗ ನರಾ. ಇಷ್ಟು ವರ್ಷ ಇದರಾಗಿಂದ ನೋಡೇನಿ, ಇದನ್ನ ನೋಡಿರಲಿಲ್ಲ. ಮುಂದ ಮಷೀನ ನಮ್ಮ ಮಾತು ತಿಳಕೊಂಡು ಡಾಕ್ಟರಿಗೆ ಅವರ ಮಾತಿನ್ಯಾಗ ಹೇಳತೈತಂತ. ಹೇಳಲಿ, ನಾ ಬ್ಯಾಡ ಅನ್ನಾಂಗಿಲ್ಲ. ಕಂಡಕ್ಟರನ್ನ ತಂತಿ ಮಾಡಕೊಂಡಾಕಿಗೆ ಯಾವುದೂ ಆಗದ ಮಾತು ಅನಸೂದಿಲ್ಲ. ಆದ್ರ ಹುಡುಗ್ಯಾರ, ತಿಂಡಿ ಅಂದ್ರ ಯಾವ ತಿಂಡಿ ಅಂತ ಒಮ್ಮೆ ನೀವ ಕೇಳ್ರಿ. ಸ್ಕ್ರೀನಿನ ಈ ಕಡೆ ನಿಂತಾಕಿ ನೀವು, ಮುಟ್ಟೂ ಕೈ ನಿಮ್ಮದು.

ಹ್ವಾದ ಸುಗ್ಯಾಗ ಡಾಕ್ಟರ್ ಚೈತ್ರಾ ಯಾವುದೋ ತರಬೇತಿಗೆ ನರಗುಂದಕ್ಕ ಬಂದಿದ್ರು. ಹೇಳದ ಕೇಳದ ನಮ್ಮೂರಿಗೆ ಬಂದು ಇಳದ್ರು. ಸ್ಕ್ರೀನಿನ್ಯಾಗ ದೊಡ್ಡಾಕಿ ಕಾಣ್ತಿದ್ರು, ನೋಡಿದ್ರ ನನ್ನ ಹೆಗಲಿಗೂ ಬರಾಂಗಿಲ್ಲ. ನೀಲವ್ವ ಒಲಿ ಮುಂದ ಇದ್ದಾಕಿ ಎದ್ದು, ಹಿಟ್ಟಿನ ಕೈಲೇನ ನಿಂತು ಬಿಟ್ಳು.

ಡಾಕ್ಟರು ಹತ್ತರ ಹೋಗಿ ಆ ಬಲಗೈ ಹಿಡಕೊಂಡ್ರು. ತಿರುವಿ ನೋಡಿದ್ರು. ಇಲ್ಲದ ಬೆರಳಿನ ಜಾಗಾ ಮುಟ್ಟಿದ್ರು. ಆಮ್ಯಾಲೆ ಅಂಗೈ ನಡುವ, ಅವತ್ತು ನನಗ ಒತ್ತು ಅಂದಿದ್ದ ಜಾಗಾಕ್ಕ ತಮ್ಮ ಹೆಬ್ಬೆರಳು ಇಟ್ಟು ಮೆಲ್ಲಕ ಒತ್ತಿದ್ರು. "ಅವತ್ತು ನಾನೇ ಒತ್ತಿ ನೋಡ್ಬೇಕು ಅಂತ ಎಷ್ಟು ಅನ್ಸಿತ್ತು ಗೊತ್ತಾ" ಅಂದ್ರು.

"ಒತ್ರಿ, ಒತ್ರಿ. ಈಗ ಕಡಿತ ಇಲ್ಲ" ಅಂದ್ಳು ನೀಲವ್ವ.

"ತಿಂಡಿ?"

"ತಿಂಡಿನೂ ಇಲ್ರಿ." ನೀಲವ್ವ ಕಣ್ಣು ಒರಸಕೊಂಡು, ಡಾಕ್ಟರ ಮಾರಿ ನೋಡಿ, ಬೆಂಗಳೂರಿನವರಂಗ ಸೊಟ್ಟ ಬಾಯಿ ಮಾಡಿ ಕೇಳಿದ್ಳು, "ನಿಮ್ದು ತಿಂಡಿ ಆಯ್ತಾ, ಡಾಕ್ಟರಮ್ಮಾರ?"

"ಇಲ್ಲವಾ" ಅಂದ್ರು ಅವರು. "ಮುಂಜಾನಿಂದ ಹೊಟ್ಟಿಗೆ ಏನೂ ಹಾಕ್ಕೊಂಡಿಲ್ಲ."

ನೀಲವ್ವ ಕುಂತು ಬಿಸಿ ರೊಟ್ಟಿ ಬಡ್ಯಾಕ ಸುರು ಮಾಡಿದ್ಳು.